ನಡಾವಳಿ ಪುಸ್ತಕ ಹಿಡ್ಕೊಂಡು ಬಂದ ತಾಯಿ: ಮುಖ್ಯ ಶಿಕ್ಷಕಿಯಾಗಿ ನನ್ನ ಅನುಭವ

ಸೀನಿಯಾರಿಟಿ ಮೇಲೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಚಾರ್ಜ್ ನನಗೆ ಬಂದಾಗ ಇಪ್ಪತ್ತು ವರ್ಷ ಗಣಿತ ಪಾಠ ಮಾಡಿದ್ದೆ, ಆದ್ರೆ ದೊಡ್ಡವರನ್ನ ಕೂರಿಸಿ ಮೀಟಿಂಗ್ ನಡೆಸೋದು ಹೇಗೆ ಅಂತ ಯಾರೂ ಹೇಳ್ಕೊಟ್ಟಿರಲಿಲ್ಲ. ಕರ್ನಾಟಕದಲ್ಲಿ 2001ರಿಂದಲೇ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಆಮೇಲೆ 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಬಂದು ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಅರ್ಧದಷ್ಟು ಮಹಿಳೆಯರಿರ್ಬೇಕು, ಶಾಲಾ ಅಭಿವೃದ್ಧಿ ಯೋಜನೆ ಸಮಿತಿಯೇ ಮಾಡ್ಬೇಕು ಅಂತ ಹೇಳ್ತು. ಇದೆಲ್ಲ ಗೊತ್ತಿದ್ದೂ ಮೊದಲನೇ ವರ್ಷ ಸಮಿತಿ ಮೀಟಿಂಗ್‌ನ ನಡಾವಳಿ ನಾನೇ ಬರೆದು, ಪುಸ್ತಕ ಮನೆಮನೆಗೆ ಕಳ್ಸಿ ಸಹಿ ಹಾಕಿಸ್ಕೊಂಡೆ. ತಪ್ಪು ಮಾಡಿದೆ.

ಒಂದಿನ ಒಬ್ಬ ತಾಯಿ ಆ ಪುಸ್ತಕ ಹಿಡ್ಕೊಂಡು ಶಾಲೆಗೇ ಬಂದ್ರು. "ಮೇಡಮ್ಮಾರೆ, ಇದ್ರಾಗ ಏನ್ ಬರದೈತಿ ಓದಿ ಹೇಳ್ರಿ, ಆಮ್ಯಾಲೆ ಸಹಿ ಮಾಡ್ತೀನಿ" ಅಂದ್ರು. ಓದೋಕೆ ಶುರು ಮಾಡ್ದೆ, "ಸವಿಸ್ತಾರವಾಗಿ ಚರ್ಚಿಸಲಾಯಿತು" ಅನ್ನೋ ಸಾಲಿಗೆ ಬಂದಾಗ ಬಾಯಿ ಕಟ್ತು. ಯಾರ್ ಜೊತೆ ಚರ್ಚಿಸಿದ್ದೆ ನಾನು?

ಮುಂದಿನ ಮೀಟಿಂಗ್ ಸಂಜೆಗೆ ಇಟ್ಟೆ, ಬೆಳಿಗ್ಗೆ ಕರೆದ್ರೆ ಕೂಲಿಗೆ ಹೋಗೋರು ಒಂದಿನದ ದುಡಿಮೆ ಬಿಟ್ಟು ಬರ್ಬೇಕಲ್ಲ. ಸಮಗ್ರ ಶಿಕ್ಷಾ ಅನ್ನೋ ಸರ್ಕಾರಿ ಯೋಜನೆಯಲ್ಲಿ ನಮ್ಮಂಥ ಶಾಲೆಗೆ, ಅಂದ್ರೆ 101ರಿಂದ 250 ಮಕ್ಕಳಿರೋ ಕಡೆ, ವರ್ಷದ ಅನುದಾನ 50,000 ರೂಪಾಯಿ, ಅದ್ರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ, ಇದನ್ನ ಬೋರ್ಡ್ ಮೇಲೆ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ಗೋಡೆಗೆ ಪೇಂಟ್. ಹೆಣ್ಮಕ್ಕಳ ಶೌಚಾಲಯದಲ್ಲಿ ನೀರಿಲ್ಲ, ದೊಡ್ಡ ಹುಡುಗಿಯರು ತಿಂಗಳಲ್ಲಿ ಮೂರ್ನಾಲ್ಕು ದಿನ ಮನೇಲೇ ಉಳೀತಾರೆ, ಮೊದ್ಲು ಪೈಪು ಅಂತ ತಾಯಂದಿರು ಪಟ್ಟು ಹಿಡಿದ್ರು. ನಾನೂ ವಾದ ಮಾಡ್ದೆ, ಆಮೇಲೆ ಏಳನೇ ಕ್ಲಾಸಿನ ಹಾಜರಿ ಪುಸ್ತಕ ತೆಗೆದು ನೋಡಿದ್ರೆ ಅವರು ಹೇಳಿದ್ದೇ ನಿಜ. ಹಾಜರಿ ಹಾಕ್ತಿದ್ದೋರು ನಾವು, ಕಾರಣ ಗೊತ್ತಿದ್ದದ್ದು ಅವರಿಗೆ.

ತರಬೇತಿಗಳಿಗೂ ಹೋಗಿದೀನಿ, ನಮೂನೆ ತುಂಬೋದು ಚೆನ್ನಾಗಿ ಕಲಿಸಿದ್ರು. ಆದ್ರೆ ಪೋಷಕರು ಎದುರು ಮಾತಾಡಿದಾಗ ಸುಮ್ನೆ ಕೇಳಿಸ್ಕೊಳ್ಳೋದು, ನನ್ನ ಅಭಿಪ್ರಾಯ ಬಿದ್ದೋದ್ರೂ ಠರಾವನ್ನ ನಿಷ್ಠೆಯಿಂದ ಜಾರಿ ಮಾಡೋದು, ಇವೆಲ್ಲ ಆ ಸಂಜೆ ಮೀಟಿಂಗ್‌ಗಳಲ್ಲೇ ಬಂದಿದ್ದು.

ಒಂದು ನೋವು ಮಾತ್ರ ಹಾಗೇ ಇದೆ. ಶಿಕ್ಷಕರ ನೇಮಕಾತಿ, ವರ್ಗಾವಣೆ ಮೇಲಿನವರ ಕೈಲೇ ಇದೆ, ಹಾಗಾಗಿ "ಇಂಗ್ಲಿಷ್ ಟೀಚರ್ ಯಾವಾಗ ಬರ್ತಾರ್ರೀ" ಅಂತ ಸಮಿತಿ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಹೊಣೆ ಕೆಳಗಿಳಿಸಿದಷ್ಟು ಅಧಿಕಾರ ಇಳಿಸಿಲ್ಲ.

ಈಗ ಮೀಟಿಂಗ್ ನಡೆಸೋದು ಸರದಿ ಮೇಲೆ ನಮ್ಮ ಸಹಶಿಕ್ಷಕರು, ನಾನು ಪಕ್ಕದಲ್ಲಿ ಕೂರ್ತೀನಿ. ಸಹಿಗೆ ಮುಂಚೆ ನಡಾವಳಿ ಗಟ್ಟಿಯಾಗಿ ಓದೋ ಕೆಲಸ ಮಾತ್ರ ಇನ್ನೂ ನಾನೇ ಇಟ್ಕೊಂಡಿದೀನಿ.