ಬಗ್ಗಿಸಿದ ಸರಳಿನಲ್ಲೇ ವಿಸ್ತೀರ್ಣ ಅಳೆದೆ: ನನ್ನ ಅನುಭವ

ಕೊಡಲಿ ಪ್ಲಾನಿಮೀಟರ್ ಅಂದರೆ ಚಿತ್ರದ ಅಂಚಿನ ಮೇಲೆ ಮೊನೆ ಓಡಿಸಿ ವಿಸ್ತೀರ್ಣ ಅಳೆಯುವ, ಕೊಡಲಿಯಂಥ ಅಲಗಿನ ಸರಳು. ಅದು ಬರೀ ಆಟಿಕೆ, ಅದರಲ್ಲಿ ಲೆಕ್ಕ ಕೂಡುವುದಿಲ್ಲ ಅಂದವರೇ ಜಾಸ್ತಿ. ನನ್ನದು ಈಗ ಕೂಡುತ್ತಿದೆ, ನೂರಕ್ಕೆ ಒಂದರಷ್ಟು ಹೆಚ್ಚು ಕಡಿಮೆ.

ಮೊದಲು ದುಡ್ಡು ಕಳೆದದ್ದನ್ನು ಹೇಳುತ್ತೇನೆ. ಸ್ವಿಸ್ ಗಣಿತಜ್ಞ ಆಮ್ಸ್ಲರ್ 1854ರಲ್ಲಿ ರೂಪಿಸಿದ ಮಾದರಿಯ ಹಳೇ ಪೋಲಾರ್ ಪ್ಲಾನಿಮೀಟರ್ (ಒಂದು ತುದಿ ಊರಿ, ಚಕ್ರ ಉರುಳಿದಷ್ಟರಿಂದ ವಿಸ್ತೀರ್ಣ ತೋರಿಸುವಂಥದ್ದು) ಒಂದನ್ನು ಕೊಂಡಿದ್ದೆ. ಪೆಟ್ಟಿಗೆ, ಸೂಕ್ಷ್ಮ ಅಳತೆಯ ವರ್ನಿಯರ್ ಪಟ್ಟಿ ಎಲ್ಲ ಚೆನ್ನಾಗಿದ್ದವು. ಚಕ್ರದ ಅಂಚಿಗೆ ಮಾತ್ರ ತುಕ್ಕು. ಆ ಚಕ್ರ ಉರುಳಲೂ ಬೇಕು, ಜಾರಲೂ ಬೇಕು ಅಲ್ವಾ? ಕೊಂಡದ್ದಕ್ಕಿಂತ ರಿಪೇರಿಗೇ ಜಾಸ್ತಿ ಆಯಿತು. ಆದರೂ ಒಂದೇ ಚಿತ್ರಕ್ಕೆ ಪ್ರತಿ ಸಲ ಬೇರೆ ಉತ್ತರ. ಈಗ ಕಪಾಟಿನಲ್ಲಿದೆ, ನೋಡೋಕೆ ಚಂದ.

ಕೊಡಲಿ ಮಾದರಿ ಡೆನ್ಮಾರ್ಕಿನ ಅಶ್ವದಳದ ಅಧಿಕಾರಿ ಹೋಲ್ಗರ್ ಪ್ರಿಟ್ಜ್ ಅವರದು. ಬೇರೆಯವರು ಅದನ್ನು 'ಸುಧಾರಿಸಿ' ಮಾರತೊಡಗಿದಾಗ, ಅದನ್ನು ಕೊಳ್ಳುವ ಬದಲು ಹಳ್ಳಿ ಕಮ್ಮಾರನಿಂದ ಮೂಲದ ನಕಲು ಮಾಡಿಸಿಕೊಳ್ಳಿ ಅಂದ ಪುಣ್ಯಾತ್ಮ ಅವರು. ನಾನು ಕಮ್ಮಾರನಿಗೂ ಕೊಡಲಿಲ್ಲ. ಎರಡೂ ತುದಿ ಕೆಳಕ್ಕೆ ಬಗ್ಗಿಸಿದ ತುಂಡು ಉಕ್ಕಿನ ಸರಳು, ಒಂದು ತುದಿ ಮೊನೆ, ಇನ್ನೊಂದು ತುದಿ ಅಲಗು, ನಡುವೆ 25 ಸೆಂ.ಮೀ. ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಕಾಡಿದ್ದು ಅಲಗು. ಹರಿತ ಮಾಡಿದರೆ ಕಾಗದ ಸೀಳಿ, ಮರಳಿ ಬರುವಾಗ ಹಳೇ ಗೀರಿಗೇ ಬೀಳುತ್ತಿತ್ತು. ಮೊಂಡು ಮಾಡಿದರೆ ಅಡ್ಡ ಜಾರುತ್ತಿತ್ತು. ನುಣುಪು ಕಾಗದದಲ್ಲಂತೂ ಕೇಳಲೇಬೇಡಿ. ಕೊನೆಗೆ ಅಲಗನ್ನು ಕೆಳಮುಖವಾಗಿ ಬಿಲ್ಲಿನಂತೆ ಅರದಿಂದ ಉಜ್ಜಿ, ಮೇಲೆ ಸ್ವಲ್ಪ ತೂಕ ಕಟ್ಟಿದೆ. ಎಷ್ಟು ತೂಕ, ಎಲ್ಲಿ ಅನ್ನೋದು ನನ್ನ ಹತ್ತಿರವೇ ಇರಲಿ. ಅಲಗು ಮೊನೆಯ ನೇರಕ್ಕೇ ಇರಬೇಕು. ಕೂದಲೆಳೆ ಓರೆಯಾದರೂ ಸರಳು ಒಂದೇ ಕಡೆಗೆ ಎಳೆಯುತ್ತದೆ.

ಪರೀಕ್ಷೆಗೆ 5 ಸೆಂ.ಮೀ. ತ್ರಿಜ್ಯದ ವೃತ್ತ ಬರೆದೆ. ಮೊನೆಯನ್ನು ಚಿತ್ರದ ನಡುವೆ ಇಟ್ಟು, ಅಲಗನ್ನು ಒತ್ತಿ ಗುರುತು ಮಾಡಿದೆ. ನೇರ ಅಂಚಿಗೆ ಹೋಗಿ, ಒಂದು ಸುತ್ತು ಬಂದು, ಅದೇ ಗೆರೆಯಲ್ಲಿ ವಾಪಸ್ ನಡುವಿಗೆ. ಮತ್ತೆ ಒತ್ತಿದೆ. ಎರಡು ಗುರುತುಗಳ ಅಂತರ 3.1 ಸೆಂ.ಮೀ. ಚಿಲ್ಲರೆ. ಅದನ್ನು 25ರಿಂದ ಗುಣಿಸಿದರೆ ವಿಸ್ತೀರ್ಣ 78ರ ಆಸುಪಾಸು, ಬರಬೇಕಾದ್ದು 78.5. ಇಷ್ಟಕ್ಕೇ ನಿಲ್ಲಿಸಬೇಡಿ. ಸರಳನ್ನು ಎದುರು ದಿಕ್ಕಿಗೆ ತಿರುಗಿಸಿಟ್ಟು ಇನ್ನೊಮ್ಮೆ ಸುತ್ತಿ, ಸರಾಸರಿ ತೆಗೆಯಿರಿ. ಅಂಕುಡೊಂಕು ಚಿತ್ರಗಳಲ್ಲಿ ವ್ಯತ್ಯಾಸ ಇಳಿದದ್ದು ಇದರಿಂದಲೇ. ಚಿತ್ರ ಮಾತ್ರ ಸರಳಿನ ಅರ್ಧ ಉದ್ದಕ್ಕಿಂತ ಚಿಕ್ಕದಿರಲಿ.

ನಡುವೆ ರಟ್ಟು ಕತ್ತರಿಸಿ ತೂಗಿಯೂ ನೋಡಿದೆ. ಉರುಳುವ ಚಕ್ರದ ಅಂಚಿನ ಬಿಂದು ಬರೆಯುವ ಗೆರೆಯಾದ ಸೈಕ್ಲಾಯ್ಡ್‌ನ ವಿಸ್ತೀರ್ಣಕ್ಕೆ ಗೆಲಿಲಿಯೋ ತಗಡು ಕತ್ತರಿಸಿ ತೂಗಿದ್ದನಲ್ಲ, ಅದೇ ಉಪಾಯ. ನನ್ನ ರಟ್ಟು ಎಲ್ಲ ಕಡೆ ಒಂದೇ ದಪ್ಪ ಇರಲಿಲ್ಲ. ಬಿಟ್ಟೆ.

ಖುಷಿ ಕೊಟ್ಟದ್ದು ಹೂಜಿಯ ಘನಫಲ. ಹೂಜಿಯ ಅಡ್ಡನೋಟ ಸುತ್ತಿದರೆ ಸಿಗುವುದು ವಿಸ್ತೀರ್ಣ, ಘನಫಲ ಅಲ್ಲ. ಕ್ಯಾಲಿಪರ್‌ನಲ್ಲಿ ಪ್ರತಿ ಸೆಂಟಿಮೀಟರ್ ಎತ್ತರಕ್ಕೊಂದು ಅಡ್ಡಳತೆ ಹಿಡಿದು, ಗೋಡೆಯ ದಪ್ಪ ಕಳೆದು, ಎತ್ತರಕ್ಕೆ ಎದುರಾಗಿ ತ್ರಿಜ್ಯದ ವರ್ಗವನ್ನು ಗ್ರಾಫ್ ಹಾಕಿದೆ. ಆ ಗ್ರಾಫಿನ ವಿಸ್ತೀರ್ಣ ಅಳೆದು, ಸ್ಕೇಲ್ ಸರಿದೂಗಿಸಿ, ಪೈನಿಂದ ಗುಣಿಸಿದೆ. ನೀರು ತುಂಬಿ ಅಳೆದರೆ ನೂರಕ್ಕೆ ಎರಡರಷ್ಟು ಮಾತ್ರ ವ್ಯತ್ಯಾಸ, ಅದೂ ಕತ್ತಿನ ತಿರುವಿನ ಹತ್ತಿರ ಕ್ಯಾಲಿಪರ್ ಕೂರದೆ ಬಂದದ್ದು. ಆಟಿಕೆ ಅಂದವರಲ್ಲಿ ಒಬ್ಬರು ಆಮೇಲೆ ಸರಳಿನ ಅಳತೆ ಬರೆದುಕೊಂಡು ಹೋದರು. ತೂಕದ ವಿಷಯ ಅವರಿಗೂ ಹೇಳಿಲ್ಲ.