ಗೋಧಿ ಬಿಟ್ಟ ಅಡುಗೆಮನೆ: ನನ್ನ ಅನುಭವ

ಗೋಧಿ ತಿಂದರೆ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾಗುವುದಕ್ಕೆ ಮುಂಚೆ ನನ್ನನ್ನು ವರ್ಷಗಟ್ಟಲೆ ಕಾಡಿದ್ದು ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಹೊಟ್ಟೆಯುಬ್ಬರ ಮತ್ತು ಬಾಯಿಹುಣ್ಣು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಎಲ್ಲಕ್ಕೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು. ಈ ಕಾಯಿಲೆ ಗೋಧಿ ಹೆಚ್ಚು ಉಣ್ಣುವ ಉತ್ತರ ಭಾರತದಲ್ಲಿ ಹೆಚ್ಚು, ನಮ್ಮ ಕಡೆ ಬಹಳ ಕಡಿಮೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರದವರಲ್ಲಿ ಶೇಕಡಾ 1.23 ಮಂದಿಗೆ ಇದು ಕಂಡುಬಂದರೆ, ದಕ್ಷಿಣದವರಲ್ಲಿ ಕಂಡದ್ದು ಶೇಕಡಾ 0.10 ಮಾತ್ರ. ಆದ್ದರಿಂದ ಹಾಸನದಂಥ ಊರಿನಲ್ಲಿ ವೈದ್ಯರಿಗೆ ಇದು ಮೊದಲಿಗೇ ಹೊಳೆಯದಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಕೊನೆಗೆ ಒಬ್ಬ ಉದರರೋಗ ತಜ್ಞರು, ಈ ಕಾಯಿಲೆಯಿದ್ದಾಗ ರಕ್ತದಲ್ಲಿ ಹೆಚ್ಚುವ ಪ್ರತಿಕಾಯವನ್ನು ಅಳೆಯುವ ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಕೆಲವರ ದೇಹದಲ್ಲಿ ಐಜಿಎ ಎಂಬ ಬಗೆಯ ಪ್ರತಿಕಾಯವೇ ಕಡಿಮೆಯಿದ್ದು, ಕಾಯಿಲೆಯಿದ್ದರೂ ಫಲಿತಾಂಶ ಸರಿಯಿದೆ ಎಂದೇ ಬರುವುದುಂಟು. ಅದಕ್ಕಾಗಿ ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೇ ನೋಡಿಸಿದರು. ಮೊದಲನೆಯದು ಬಹಳ ಹೆಚ್ಚಿಗೆ ಬಂದ ಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೇಲ್ಭಾಗದಿಂದ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ, ಸಣ್ಣ ಚೂರು ತೆಗೆಯುವುದೆಂದು ನಿಶ್ಚಯವಾಯಿತು. ಆಗ ಅವರು ಒತ್ತಿ ಹೇಳಿದ ಮಾತು, "ಬಯಾಪ್ಸಿ ಮುಗಿಯುವವರೆಗೆ ಗೋಧಿ ಬಿಡಬೇಡಿ, ಚಪಾತಿ ತಿನ್ನುತ್ತಲೇ ಇರಿ." ಮೊದಲೇ ಬಿಟ್ಟರೆ ಕರುಳು ಚೇತರಿಸಿಕೊಳ್ಳತೊಡಗಿ, ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಯಾರದೋ ಮಾತು ಕೇಳಿ ಪರೀಕ್ಷೆಗೆ ಮುನ್ನವೇ ಗೋಧಿ ನಿಲ್ಲಿಸುವವರಿಗೆ ನಾನೂ ಇದನ್ನೇ ಹೇಳುತ್ತೇನೆ.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪಾಗಿ ಸ್ಪಂದಿಸಿ, ಆಹಾರವನ್ನು ಹೀರಿಕೊಳ್ಳುವ ಕರುಳಿನ ಒಳಪದರವನ್ನೇ ಹಾಳುಮಾಡುವುದು ಈ ಕಾಯಿಲೆಯ ಸ್ವರೂಪ. ಇದಕ್ಕೆ ಇಂದಿಗೂ ಮಾತ್ರೆಯಿಲ್ಲ, ಜೀವನಪರ್ಯಂತ ಪಥ್ಯವೇ ಚಿಕಿತ್ಸೆ.

ಪಥ್ಯದ ಹಾಳೆ ಕೈಗೆ ಬಂದಾಗ ಅದರಲ್ಲಿ ಬಿಡಬೇಕಾದವು ಗೋಧಿರೊಟ್ಟಿ, ಬ್ರೆಡ್, ಪಾಸ್ತಾ ಎಂದೆಲ್ಲ ಬರೆದಿತ್ತು. ಮುದ್ದೆ, ಅಕ್ಕಿರೊಟ್ಟಿ, ಕಡುಬು, ಒತ್ತುಶ್ಯಾವಿಗೆ ಉಣ್ಣುವ ನಮ್ಮ ಮನೆಗೆ ಅದು ಅಷ್ಟೇನೂ ಭಾರವೆನಿಸಲಿಲ್ಲ. ಚಪಾತಿ, ಉಪ್ಪಿಟ್ಟು, ಕೇಸರಿಬಾತು, ಒಬ್ಬಟ್ಟು ಇವನ್ನು ಬಿಟ್ಟರೆ ಉಳಿದದ್ದೆಲ್ಲ ಅಕ್ಕಿ, ರಾಗಿ ಮತ್ತು ಕಾಳುಗಳದ್ದೇ. ದುಬಾರಿ ಗ್ಲುಟೆನ್‌ರಹಿತ ಬಿಸ್ಕತ್ತು, ಬ್ರೆಡ್ಡುಗಳನ್ನು ತರಿಸುವ ಅಗತ್ಯ ನನಗೆ ಬೀಳಲಿಲ್ಲ. ಬೀಳಬಾರದು ಎಂಬುದೂ ನನ್ನ ಅಭಿಪ್ರಾಯ, ಏಕೆಂದರೆ ಅವುಗಳಲ್ಲಿ ಎಷ್ಟೋ ಬರೀ ಪಿಷ್ಟ ಮತ್ತು ಸಕ್ಕರೆ. ತಟ್ಟೆಯಲ್ಲಿ ಕಾಣುವ ಗೋಧಿಯನ್ನು ಬಿಡುವುದು ಸುಲಭ. ನನ್ನ ಶ್ರಮವೆಲ್ಲ ಹೋದದ್ದು ಕಾಣದೆ ಒಳಬರುವ ಗೋಧಿಯನ್ನು ತಡೆಯುವುದಕ್ಕೆ.

ಅದರಲ್ಲಿ ಮೊದಲನೆಯದು ಹಿಟ್ಟಿನ ಗಿರಣಿ. ನಾವು ರಾಗಿ ಬೀಸಿಸುತ್ತಿದ್ದ ಗಿರಣಿಯಲ್ಲಿ ಒಂದು ದಿನ ನಿಂತು ಗಮನಿಸಿದೆ. ನನಗಿಂತ ಮುಂದಿದ್ದವರ ಗೋಧಿ ಬೀಸಿ ಮುಗಿದೊಡನೆ ಹಿಟ್ಟು ಬೀಳುವ ಬಟ್ಟೆಯ ತೂಬನ್ನು ಎರಡು ಸಲ ಬಡಿದು, ಅದೇ ಯಂತ್ರಕ್ಕೆ ನನ್ನ ರಾಗಿ ಸುರಿದರು. ಮೊದಲು ಬಿದ್ದ ಒಂದೆರಡು ಹಿಡಿ ಹಿಟ್ಟು ರಾಗಿಯ ಬಣ್ಣದ್ದಾಗಿರಲಿಲ್ಲ, ಬಿಳಿಚಿಕೊಂಡಿತ್ತು. ಆಮೇಲಷ್ಟೇ ಕಂದು ಬಣ್ಣಕ್ಕೆ ತಿರುಗಿತು. ಗ್ಲುಟೆನ್‌ರಹಿತ ಎಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬುದು ನಮ್ಮ ದೇಶದ ನಿಯಮವೂ ಹೌದು. ಆ ಅಳತೆಯ ಮುಂದೆ ಒಂದು ಹಿಡಿ ಗೋಧಿಹಿಟ್ಟು ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದ ಮೇಲೆ ಮನೆಗೇ ಒಂದು ಸಣ್ಣ ವಿದ್ಯುತ್ ಗಿರಣಿ ತಂದೆವು. ಇಡೀ ಪಥ್ಯದಲ್ಲಿ ನನಗಾದ ದೊಡ್ಡ ಖರ್ಚು ಅದೊಂದೇ. ಕಟ್ಟಿನಕೆರೆ ಮಾರುಕಟ್ಟೆಯಿಂದ ಅಕ್ಕಿ, ರಾಗಿ, ಜೋಳ ತಂದು, ಮೊರದಲ್ಲಿ ಕೇರಿ, ಕಲ್ಲಿನ ಜೊತೆಗೆ ಗೋಧಿಕಾಳಿದ್ದರೆ ಅದನ್ನೂ ಆರಿಸಿ, ತೊಳೆದು ಒಣಗಿಸಿ ಬೀಸುತ್ತೇವೆ.

ಎರಡನೆಯದು ಇಂಗು. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ. ಅಂಟಿನ ಘಾಟು ತಗ್ಗಿಸಲು ಅದಕ್ಕೆ ಹಿಟ್ಟು ಬೆರೆಸುತ್ತಾರೆ, ಬಹಳ ಸಲ ಆ ಹಿಟ್ಟು ಮೈದಾ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಇದು ತಿಳಿಯುತ್ತದೆ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಆದರೆ ನಾನು ಇಂಗನ್ನೇ ಬಿಟ್ಟು ಒಗ್ಗರಣೆಗೆ ಬೆಳ್ಳುಳ್ಳಿ ಹಾಕುವುದನ್ನು ರೂಢಿಸಿಕೊಂಡೆ. ಅಂಗಡಿಯ ಸಾರಿನ ಪುಡಿ, ಉಪ್ಪಿನಕಾಯಿಗಳಲ್ಲೂ ಇದೇ ಇಂಗು ಇರುವುದರಿಂದ ಅವೂ ಮನೆಯಲ್ಲೇ ಆಗಬೇಕಾಯಿತು. ಹೋಟೆಲಿನ ಇಡ್ಲಿ ಸಾಂಬಾರು ನನಗೆ ಆಗದು ಎಂದರೆ ಜನ ನಗುತ್ತಾರೆ. ಇಡ್ಲಿಯಲ್ಲಿ ಗೋಧಿಯಿಲ್ಲ, ನಿಜ, ಸಾಂಬಾರಿನ ಇಂಗಿನಲ್ಲಿದೆ. ದೋಸೆಯ ಕಾವಲಿಯ ಮೇಲೆ ಸ್ವಲ್ಪ ಹೊತ್ತಿಗೆ ಮುಂಚೆ ರವೆದೋಸೆ ಹುಯ್ದಿರುತ್ತಾರೆ, ಬಜ್ಜಿ ಕರಿದ ಎಣ್ಣೆಯಲ್ಲಿ ಪೂರಿಯೂ ಕರಿದಿರುತ್ತದೆ. ಮನೆಯಲ್ಲೂ ಅಕ್ಕಿರೊಟ್ಟಿಗೆ ಬೇರೆ ಕಾವಲಿ, ಬೇರೆ ಮಣೆ, ಬೇರೆ ಲಟ್ಟಣಿಗೆ ಇಟ್ಟಿದ್ದೇನೆ. ಮರದ ಲಟ್ಟಣಿಗೆಯ ಸಂದಿನಲ್ಲಿ ಕುಳಿತ ಹಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಬಾರ್ಲಿಯ ಮಾಲ್ಟ್ ಇರುವ ಪೇಯದ ಪುಡಿಗಳು ಮತ್ತು ಗೋಧಿ ಬೆರೆತ ಹುರಿಹಿಟ್ಟಿನ ಪೊಟ್ಟಣಗಳನ್ನು ಮನೆಗೇ ತರುವುದಿಲ್ಲ.

ನೆಂಟರಿಷ್ಟರ ವಿಷಯ ಬೇರೆಯೇ ಬಗೆಯದು. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಪ್ರಸಾದವನ್ನು ನಾನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಾಗ ಅತ್ತೆಯವರು, "ಒಂದು ಚೂರು ಬಾಯಿಗೆ ಹಾಕ್ಕೊಂಡ್ರೆ ಏನೂ ಆಗಲ್ಲ ಕಣಮ್ಮ, ದೇವರ ಪ್ರಸಾದ," ಎಂದು ನೊಂದುಕೊಂಡರು. ಪ್ರತಿಕಾಯದ ವಿವರಣೆ ಅವರಿಗೆ ಹಿಡಿಸಲಿಲ್ಲ. ಹಿಡಿಸಿದ್ದು ಡಾಕ್ಟರು ಹೇಳಿದ್ದ ಒಂದು ಸಂಗತಿ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೂ ಬರ ಬಂದಾಗ ಈ ಕಾಯಿಲೆಯ ಮಕ್ಕಳು ಆ ಬರದಲ್ಲೇ ಚೇತರಿಸಿಕೊಂಡರು, ಬ್ರೆಡ್ಡು ಮತ್ತೆ ಬಂದಾಗ ಮತ್ತೆ ಮಲಗಿದರು. ಗೋಧಿಯ ಮೇಲೆ ಮೊದಲೇ ಗುಮಾನಿಯಿದ್ದ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಅದು ಇನ್ನಷ್ಟು ಗಟ್ಟಿಯಾದದ್ದು ಹಾಗೆ. ಅತ್ತೆ ಇದನ್ನು ಕೇಳಿ, ತಮ್ಮ ಚಿಕ್ಕಂದಿನಲ್ಲಿ ಗೋಧಿ ಹಬ್ಬಕ್ಕೆ ಮಾತ್ರ ಬರುತ್ತಿತ್ತೆಂದೂ, ರೇಷನ್ನಿನ ಅಮೆರಿಕದ ಗೋಧಿ ಬಂದ ಮೇಲೆಯೇ ಚಪಾತಿ ರೂಢಿಗೆ ಬಂದದ್ದೆಂದೂ ನೆನೆದರು. ಈಗ ನಮ್ಮ ಮನೆಯ ಪೂಜೆಗೆ ಸಜ್ಜಿಗೆಯನ್ನು ಅಕ್ಕಿತರಿಯಲ್ಲಿ ಅವರೇ ಮಾಡುತ್ತಾರೆ. ತುಪ್ಪ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಮದುವೆಗಳಿಗೆ ಮಾತ್ರ ಮನೆಯಲ್ಲೇ ಉಂಡು ಹೋಗುತ್ತೇನೆ, ಎಲೆಯ ಮುಂದೆ ಕುಳಿತು ಬಾಳೆಹಣ್ಣು ತಿಂದು ಏಳುತ್ತೇನೆ.

ಮೊದಲ ಕೆಲವು ವಾರ ಹಾಲೂ ಒಗ್ಗಲಿಲ್ಲ. ಕರುಳಿನ ಒಳಪದರ ಹಾಳಾದಾಗ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯೂ ಕುಗ್ಗುತ್ತದೆ. ಗಾಯ ಮಾಗಿದಂತೆ ಅದು ಮರಳುತ್ತದೆ. ಅಲ್ಲಿಯವರೆಗೆ ಕಾಫಿ ಬಿಟ್ಟು ಮಜ್ಜಿಗೆಯಲ್ಲಿ ಕಾಲ ಹಾಕಿದೆ. ಹಿಮೋಗ್ಲೋಬಿನ್ ನಿಧಾನವಾಗಿ ಏರಿತು, ಟಿಟಿಜಿ ಪ್ರಮಾಣ ಇಳಿಯುತ್ತ ಬಂತು. ಮೂಳೆಯ ಸಾಂದ್ರತೆ ಕಡಿಮೆಯಿದ್ದುದರಿಂದ ಡಿ ಜೀವಸತ್ವ ಇನ್ನೂ ನಡೆಯುತ್ತಿದೆ, ಜೊತೆಗೆ ಸುಣ್ಣದಂಶಕ್ಕೆ ದಿನವೂ ರಾಗಿಯಿದೆ. ಹೊಸ ಔಷಧ ಬರೆಸಿಕೊಂಡಾಗಲೆಲ್ಲ ಮಾತ್ರೆಗೆ ಗೋಧಿಯ ಪಿಷ್ಟ ಬಳಸಿದ್ದಾರೆಯೇ ಎಂದು ವಿಚಾರಿಸುತ್ತೇನೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಇದು ಬರುವ ಸಂಭವ ಉಳಿದವರಿಗಿಂತ ಹೆಚ್ಚಾದ್ದರಿಂದ ಮಗಳ ರಕ್ತಪರೀಕ್ಷೆ ಮಾಡಿಸಿದೆ, ಈಗ ಏನೂ ಇಲ್ಲವೆಂದು ಬಂದಿದೆ. ತಮ್ಮ ಮಾತ್ರ, ತನಗೇನೂ ತೊಂದರೆಯಿಲ್ಲವೆಂದು ಇನ್ನೂ ಮುಂದೂಡುತ್ತಲೇ ಇದ್ದಾನೆ.