ಸುಸ್ತೆಂದು ಸುಮ್ಮನಾಗುವ ಮುನ್ನ ನಾಡಿ ಹಿಡಿದು ನೋಡಿ

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ದುಡಿಯುವ ಹೆಂಗಸಾಗಲಿ, ಮೈಸೂರಿನಲ್ಲಿ ಮನೆ–ಕಚೇರಿ ಎರಡನ್ನೂ ತೂಗಿಸುವವರಾಗಲಿ, ‘ಯಾಕೋ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು’ ಎಂದರೆ ರಕ್ತಹೀನತೆ ಇರಬೇಕು, ಮುಟ್ಟು ನಿಲ್ಲುವ ಕಾಲವಿರಬೇಕು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಹೃದಯದ ಮೇಲಿನ ಎರಡು ಕೋಣೆಗಳು ಕ್ರಮವಾಗಿ ಸಂಕುಚಿಸದೆ ಅದುರತೊಡಗುವ ಏಟ್ರಿಯಲ್ ಫಿಬ್ರಿಲೇಷನ್, ಮಹಿಳೆಯರಲ್ಲಿ ಎದೆ ಡವಗುಟ್ಟುವುದರ ಜತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಇದೇ ಸುಸ್ತಿನ ರೂಪದಲ್ಲಿ ಬರುವುದರಿಂದ ಪತ್ತೆ ತಡವಾಗುತ್ತದೆ.

ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬಳಿಕ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಮೂರು ಬೆರಳುಗಳ ತುದಿಯನ್ನು ಹಗುರವಾಗಿಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಇಲ್ಲಿ ಎಣಿಕೆಗಿಂತ ಲಯ ಮುಖ್ಯ: ಸಂಖ್ಯೆ 80 ಇದ್ದರೂ ಬಡಿತಗಳ ನಡುವಿನ ಅಂತರ ಯಾವ ಕಟ್ಟಿಗೂ ಸಿಗದೆ ಹಿಗ್ಗುತ್ತ ಕುಗ್ಗುತ್ತ ಇದ್ದರೆ ಆ ದಿನವೇ ಇಸಿಜಿ ಮಾಡಿಸಬೇಕು. ಎಲ್ಲೋ ಒಂದು ಬಡಿತ ತಪ್ಪಿದಂತಾದರೆ ಗಾಬರಿ ಬೇಡ.

ಮಂಡ್ಯದ ಮಿಮ್ಸ್ ಆಸ್ಪತ್ರೆಗಾಗಲಿ, ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗಾಗಲಿ, ಹೋದಾಗ ನಾಡಿ ಬರೆದಿಟ್ಟ ಚೀಟಿ ಜತೆಗಿರಲಿ. ಈ ತೊಂದರೆ ಬಂದು ಹೋಗುವ ಸ್ವಭಾವದ್ದಾದ್ದರಿಂದ ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ಪ್ರಕರಣ ಮುಗಿಯದು. ಮೈಗೆ ಸಣ್ಣ ಯಂತ್ರ ಕಟ್ಟಿ ಬಡಿತವನ್ನು ದಾಖಲಿಸುವ 24 ಗಂಟೆಗಳ ಹೋಲ್ಟರ್ ಪರೀಕ್ಷೆ ಬೇಕೇ ಎಂದು ಕೇಳಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದೂ, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗುವುದೂ ಈ ತೊಂದರೆ ತರಬಲ್ಲವು; ಇವೆರಡೂ ಹೆಂಗಸರಲ್ಲೇ ಹೆಚ್ಚು. ಆದ್ದರಿಂದ ಥೈರಾಯ್ಡ್ ರಕ್ತಪರೀಕ್ಷೆ ಮತ್ತು ಹೃದಯದ ಸ್ಕ್ಯಾನ್ ಆದ ಎಕೋ ಎರಡನ್ನೂ ಬಿಡುವಂತಿಲ್ಲ.

ನಿಜವಾದ ಭಯವಿರುವುದು ಲಕ್ವದ್ದು. ಅದುರುವ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವುದರಿಂದ ಈ ಅಪಾಯ ಸುಮಾರು 5 ಪಟ್ಟು ಏರುತ್ತದೆ, ವಯಸ್ಸಾದ ಮಹಿಳೆಯರಲ್ಲಿ ಗಂಡಸರಿಗಿಂತಲೂ ಹೆಚ್ಚು. ಇದಕ್ಕೆ ಆಸ್ಪಿರಿನ್ ಸಾಲದು. ಕವಾಟ ತೀರ ಕಿರಿದಾಗಿರುವವರಿಗೆ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಅಂಕಿ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಸೊಪ್ಪು ಈ ಮಾತ್ರೆಯ ಪರಿಣಾಮವನ್ನು ತಗ್ಗಿಸಬಲ್ಲದಾದರೂ ಸೊಪ್ಪಿನ ಬಸ್ಸಾರು ಬಿಡಬೇಕಿಲ್ಲ, ಒಂದು ವಾರ ದಿನವೂ ಉಂಡು ಮುಂದಿನ ವಾರ ಮುಟ್ಟದಿರುವ ಏರಿಳಿತ ಮಾತ್ರ ಬೇಡ. ಗರ್ಭಿಣಿಯಾಗುವ ಯೋಚನೆಯಿದ್ದರೆ ಮೊದಲೇ ತಿಳಿಸಿ. ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ, ಶುರುವಾದ ಹೊತ್ತನ್ನು ಗುರುತಿಟ್ಟುಕೊಂಡು ತಕ್ಷಣ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ. ರಕ್ತ ಹೆಪ್ಪುಗಟ್ಟದಂತೆ ಯಾವ ಮಾತ್ರೆ ನುಂಗುತ್ತಿದ್ದಾರೆಂಬ ಚೀಟಿಯನ್ನೂ ಕೈಯಲ್ಲಿ ಹಿಡಿದೇ ಹೊರಡಿ.